ಟಾಲಿನ್ನಿಗೆ ಬೇಸಿಗೆ ಕೋರ್ಸಿಗೆ ಬರುವ ತಮ್ಮನಿಗೆ

ತಮ್ಮಾ,

ಹುಬ್ಬಳ್ಳಿಯಲ್ಲಿ ನಾಲ್ಕನೇ ವರ್ಷದ ಲಾ ಓದುತ್ತಿದ್ದೀಯ, ಜುಲೈನಲ್ಲಿ ಕಾನೂನು ತಂತ್ರಜ್ಞಾನದ ಬೇಸಿಗೆ ಕೋರ್ಸಿಗೆ ಎಸ್ಟೋನಿಯಾದ ರಾಜಧಾನಿ ಟಾಲಿನ್ನಿಗೆ ಬರುತ್ತಿದ್ದೀಯ ಅಂತ ಓದಿ ಖುಷಿಯಾಯಿತು. 2015ರಲ್ಲಿ ಇಂಥದೇ ಕೋರ್ಸಿಗೆ ನಾನು ಬಂದಾಗ ಕೇಳೋಣ ಅಂದರೆ ಇಲ್ಲಿ ಒಬ್ಬ ಕನ್ನಡದವರೂ ಗೊತ್ತಿರಲಿಲ್ಲ. ನೀನು ಕೇಳಿದ್ದು ಸುಮಾರಿದೆ. ರೋಬೋಟ್ ಜಡ್ಜ್ ತೀರ್ಪು ಕೊಡೋದು ನಿಜವಾ, ಕೋಡಿಂಗ್ ಬರಲೇಬೇಕಾ, ಊಟಕ್ಕೆ ಏನು, ಚಳಿ ಹೇಗೆ. ಕೊನೆಗೆ, 'ಅಕ್ಕಾ, ಈ ಕೋರ್ಸ್ ಮಾಡಿದ್ರೆ ಅಲ್ಲೇ ಕೆಲಸ ಸಿಗುತ್ತಾ?' ಕೆಲವಕ್ಕೆ ಒಂದು ಮಾತು ಸಾಕು. ಕೊನೆಯದಕ್ಕೆ ಸಾಲದು.

ರೋಬೋಟ್ ಜಡ್ಜ್ ಇಲ್ಲ. 2019ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಎಸ್ಟೋನಿಯಾದಲ್ಲಿ ಕಂಪ್ಯೂಟರೇ ತೀರ್ಪು ಕೊಡಲಿದೆ ಅಂತ ಸುದ್ದಿ ಬಂತು, ಲೋಕವೆಲ್ಲ ಹಬ್ಬಿತು. 2022ರಲ್ಲಿ ಎಸ್ಟೋನಿಯಾದ ನ್ಯಾಯ ಸಚಿವಾಲಯವೇ ಅಂಥ ಯೋಜನೆ ಯಾವುದೂ ಇಲ್ಲ ಅಂತ ಹೇಳಿತು. ಆದರೂ ನಮ್ಮ ಕಡೆ ಸೆಮಿನಾರುಗಳಲ್ಲಿ ಈ ಕತೆ ಇನ್ನೂ ಓಡುತ್ತಿದೆ. ಮೊದಲ ದಿನವೇ ಕ್ಲಾಸಿನಲ್ಲಿ ಇದನ್ನು ಕೇಳಬೇಡ, ಪಾಪ, ಮೇಷ್ಟರುಗಳಿಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ.

ನಿಜವಾಗಿ ನೋಡಬೇಕಾದ್ದು ಬೇರೆ ಇದೆ. ಇಲ್ಲಿ 2000ದಲ್ಲೇ ಡಿಜಿಟಲ್ ಸಹಿಗೆ ಕಾನೂನು ಬಂತು, 2002ರಿಂದ ಗುರುತಿನ ಕಾರ್ಡ್. ಕಾರ್ಡಿಗೆ ಎರಡು ಗುಪ್ತಸಂಖ್ಯೆ. ನಾಲ್ಕು ಅಂಕಿಯದು 'ನಾನು ಇಂಥವಳು' ಅನ್ನೋದಕ್ಕೆ, ಐದು ಅಂಕಿಯದು ಸಹಿಗೆ. ಆ ಐದು ಅಂಕಿ ಒತ್ತಿದರೆ ಪೆನ್ನಿನಲ್ಲಿ ಮಾಡಿದ ಸಹಿಗೆ ಸಮ. ನೋಟರಿ ಸೀಲಿಗೆ ಕೋರ್ಟಿನ ಮುಂದೆ ಕಾದವರಿಗೆ ಇದು ಮಾಯೆಯ ಹಾಗೆ ಕಾಣುತ್ತದೆ. ನನ್ನ ದಾಖಲೆಯನ್ನು ಯಾವ ಇಲಾಖೆ ಯಾವಾಗ ತೆರೆದು ನೋಡಿತು ಅಂತ ನಾನೇ ಮನೆಯಲ್ಲಿ ಕೂತು ನೋಡಬಹುದು. ನನಗೆ ಸಹಿಗಿಂತ ಇದೇ ದೊಡ್ಡದು ಅನಿಸಿದ್ದು. 2024ರ ಕೊನೆಗೆ ವಿಚ್ಛೇದನದ ಅರ್ಜಿಯೂ ಆನ್‌ಲೈನ್ ಆಯಿತು. ಮದುವೆಗೆ ಮಾತ್ರ ಗಂಡು ಹೆಣ್ಣು ಎದುರಿಗೇ ನಿಲ್ಲಬೇಕು.

ಹಾಗಂತ ಬಾಯಿ ಬಿಟ್ಟುಕೊಂಡು ಕೂರಬೇಡ. ಈ ದೇಶದಲ್ಲಿ ಇರೋದು 14 ಲಕ್ಷಕ್ಕೂ ಕಡಿಮೆ ಜನ. ಕರ್ನಾಟಕದ ಭೂಮಿ ಯೋಜನೆಯಲ್ಲಿ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿದ್ದು ಹೆಚ್ಚುಕಡಿಮೆ ಇದೇ ಕಾಲದಲ್ಲಿ, ಅದೂ ತಾಲ್ಲೂಕು ಕಚೇರಿಗಳಲ್ಲಿ ಕೂತು. 15 ರೂಪಾಯಿ ಕೊಟ್ಟರೆ ಕೈಗೆ ಪಹಣಿ ಬರುತ್ತಿತ್ತು. ನಮ್ಮ ಹುಡುಗರು ಇಲ್ಲಿಗೆ ಬಂದು 'ನಮ್ಮಲ್ಲಿ ಏನೂ ಇಲ್ಲ ಸರ್' ಅನ್ನುವುದನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ. ಇದೆ. ಅದರ ಕುಂದುಕೊರತೆಯನ್ನೂ ಸೇರಿಸಿ ಹೇಳು, ಆದರೆ ಇದೆ ಅಂತ ಹೇಳು.

ಇಲ್ಲಿಯದರಲ್ಲೂ ತೂತು ಇದೆ. 2017ರಲ್ಲಿ ಸುಮಾರು ಏಳೂವರೆ ಲಕ್ಷ ಕಾರ್ಡುಗಳ ಚಿಪ್ಪಿನಲ್ಲಿ ದೋಷ ಇದೆ ಅಂತ ಗೊತ್ತಾಯಿತು. ಸರ್ಕಾರ ಮುಚ್ಚಿಡಲಿಲ್ಲ. ಸೆಪ್ಟೆಂಬರಿನಲ್ಲಿ ಜನರ ಮುಂದೆ ಹೇಳಿತು, ನವೆಂಬರಿನಲ್ಲಿ ಸರಿಪಡಿಸಿಕೊಳ್ಳದ ಕಾರ್ಡುಗಳನ್ನು ತಡೆಹಿಡಿಯಿತು. ಕೋರ್ಸಿನಲ್ಲಿ ಆ ಪಾಠ ಬಂದರೆ ನಿದ್ದೆ ಮಾಡಬೇಡ. ಯಂತ್ರ ಕೈಕೊಟ್ಟಾಗ ಹೊಣೆ ಯಾರದು ಅನ್ನುವುದೇ ವಕೀಲರಿಗೆ ಬೇಕಾದ ಪ್ರಶ್ನೆ, ಅಲ್ವಾ?

ಕೋಡಿಂಗ್ ಬೇಡ. ಕಾನೂನನ್ನು ಹಂತ ಹಂತವಾಗಿ ಬಿಡಿಸಲು ಬಂದರೆ ಸಾಕು. ನಮಗೆ ಕೊನೆಯಲ್ಲಿ ಒಂದು ಗುಂಪು ಕೆಲಸ ಕೊಟ್ಟಿದ್ದರು. ಯಾವುದಾದರೂ ಒಂದು ಕಾನೂನನ್ನು ಕಂಪ್ಯೂಟರಿಗೆ ತಿಳಿಯುವ ಹಾಗೆ ಬರೆಯಬೇಕು. ನಾನು ಚೆಕ್ ಬೌನ್ಸ್ ಆರಿಸಿಕೊಂಡೆ. ಅದರ ಕಲಂ, ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138, ನಿನಗೆ ಬಾಯಿಪಾಠ ಇರುತ್ತದೆ. ಚೆಕ್ ವಾಪಸಾದ ಸುದ್ದಿ ಬ್ಯಾಂಕಿನಿಂದ ಬಂದ 30 ದಿನದೊಳಗೆ ನೋಟಿಸ್, ನೋಟಿಸ್ ಮುಟ್ಟಿದ ಮೇಲೆ ದುಡ್ಡು ಕಟ್ಟಲು 15 ದಿನ, ಆಮೇಲೆ ಒಂದು ತಿಂಗಳೊಳಗೆ ದೂರು. ಗುಂಪಿನಲ್ಲಿದ್ದ ಫಿನ್ಲೆಂಡಿನ ಹುಡುಗ ಬೋರ್ಡಿನ ಮೇಲೆ ಮೂರು ಚೌಕ ಬರೆದ, ಬಾಣ ಎಳೆದ, ಮುಗೀತು ಅಂದ. ನಾನು ಎರಡನೇ ಚೌಕದ ಮೇಲೆ ಬೆರಳಿಟ್ಟೆ. ನೋಟಿಸನ್ನು ಚೆಕ್ ಕೊಟ್ಟವನು ತಗೊಳ್ಳದೇ ಇದ್ದರೆ?

ಅವನಿಗೆ ಪ್ರಶ್ನೆಯೇ ಅರ್ಥ ಆಗಲಿಲ್ಲ. ಯಾಕೆ ತಗೊಳ್ಳಲ್ಲ ಅಂದ.

ನಾನು ರಜೆಯಲ್ಲಿ ಸೀನಿಯರ್ ಒಬ್ಬರ ಆಫೀಸಿಗೆ ಹೋಗುತ್ತಿದ್ದೆ. ಅಲ್ಲಿನ ಗುಮಾಸ್ತರ ಮೇಜಿನ ಮೇಲೆ ವಾಪಸ್ ಬಂದ ಲಕೋಟೆಗಳ ಕಟ್ಟೇ ಇರುತ್ತಿತ್ತು. ಒಂದೊಂದರ ಮೇಲೂ ಪೋಸ್ಟ್‌ಮ್ಯಾನ್ ಬರೆದ ಷರಾ. 'ಮನೆಗೆ ಬೀಗ.' 'ಊರಲ್ಲಿಲ್ಲ.' 'ತೆಗೆದುಕೊಳ್ಳಲು ನಿರಾಕರಿಸಿದ್ದಾರೆ.' ಊರಲ್ಲಿಲ್ಲದ ಆಸಾಮಿ ಅದೇ ಹೊತ್ತಿಗೆ ಕೋರ್ಟಿನ ಎದುರು ಚಹಾ ಕುಡಿಯುತ್ತಿರುತ್ತಿದ್ದ. ಗುಮಾಸ್ತರು ಲಕೋಟೆ ನೋಡಿಯೇ ಇದು ನಿಜವಾದ ಬೀಗ, ಇದು ಸುಳ್ಳು ಬೀಗ ಅಂತ ಹೇಳುತ್ತಿದ್ದರು. ಇದನ್ನೆಲ್ಲ ನಾನು ನನ್ನ ಹರುಕುಮುರುಕು ಇಂಗ್ಲಿಷಿನಲ್ಲಿ ಹೇಳಿದೆ. ಸರಿಯಾದ ವಿಳಾಸಕ್ಕೆ ರಿಜಿಸ್ಟರ್ಡ್ ಪೋಸ್ಟ್ ಕಳಿಸಿದ್ದರೆ ಮುಟ್ಟಿದ ಹಾಗೇ ಅಂತ 2007ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನನಗೆ ಸಿಕ್ಕೇ ಇಲ್ಲ ಅನ್ನುವವನು ಸಮನ್ಸ್ ಬಂದ 15 ದಿನದಲ್ಲಿ ದುಡ್ಡು ಕಟ್ಟಿಬಿಡಲಿ ಅಂತಲೂ ಹೇಳಿದೆ. ಅದಕ್ಕೆ ಇನ್ನೊಂದು ಚೌಕ ಬಂತು. ದೂರು ತಡವಾದರೆ 'ಸಾಕಷ್ಟು ಕಾರಣ' ಇದ್ದರೆ ಮನ್ನಿಸಬಹುದು, ಅದಕ್ಕೊಂದು. ಸಾಕಷ್ಟು ಅಂದರೆ ಎಷ್ಟು? ಆ ಚೌಕ ಖಾಲಿಯೇ ಉಳಿಯಿತು. ಮೇಷ್ಟ್ರು ಕುರ್ಚಿ ಎಳೆದುಕೊಂಡು ಬಂದು ನಮ್ಮ ಜೊತೆ ಕೂತರು. ಮಧ್ಯಾಹ್ನ ಪೂರ್ತಿ ಆ ಖಾಲಿ ಚೌಕದ ಮೇಲೇ ಚರ್ಚೆ ಆಯಿತು.

ಆದ್ದರಿಂದ ನೀನು ಬರುವ ಮುಂಚೆ ಪೈಥಾನ್ ಕೋಡಿಂಗ್ ಕಲಿಯುವ ಬದಲು ಯಾವುದಾದರೂ ಗುಮಾಸ್ತರ ಪಕ್ಕದಲ್ಲಿ ಕೂತು ಬಾ. ಅಸೈನ್ಮೆಂಟನ್ನು ಚಾಟ್‌ಜಿಪಿಟಿ ಕೈಲಿ ಬರೆಸಬೇಡ. 2023ರಲ್ಲಿ ನ್ಯೂಯಾರ್ಕಿನ ವಕೀಲರಿಬ್ಬರು ಅದು ಹುಟ್ಟಿಸಿದ ಸುಳ್ಳು ಕೇಸುಗಳನ್ನು ಕೋರ್ಟಿಗೆ ಕೊಟ್ಟು 5,000 ಡಾಲರ್ ದಂಡ ಕಟ್ಟಿದರು.

ಈಗ ಕೆಲಸದ ವಿಷಯ. ಕೋರ್ಸ್ ಮಾಡಿದರೆ ಕೆಲಸ ಸಿಗುತ್ತದೆ ಅಂತ ಯಾರು ಹೇಳಿದರೂ ನಂಬಬೇಡ. ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಷೆಂಗೆನ್ ವೀಸಾದಲ್ಲಿ ಬಂದವರು 180 ದಿನದಲ್ಲಿ 90 ದಿನಕ್ಕಿಂತ ಜಾಸ್ತಿ ಇರುವಂತಿಲ್ಲ. ಬೇಸಿಗೆ ಕೋರ್ಸಿನ ಸರ್ಟಿಫಿಕೇಟು ಗೋಡೆಗೆ ಚೆಂದ. ಎಂಜಿನಿಯರುಗಳನ್ನು ನೋಡಿ ಆಸೆಪಡಬೇಡ. ಅವರ ಡಿಗ್ರಿ ಗಡಿ ದಾಟುತ್ತದೆ, ನಮ್ಮದು ದಾಟುವುದಿಲ್ಲ. ಇಲ್ಲಿ ಕೋರ್ಟು ನಡೆಯುವುದು ಎಸ್ಟೋನಿಯನ್ ಭಾಷೆಯಲ್ಲಿ. ಕನ್ನಡದ ವಿಭಕ್ತಿಗೇ ಹೆದರುತ್ತಿದ್ದವಳು ನಾನು, ಇವರಿಗೆ 14 ಇವೆ.

ನಾನು ಊರಿಗೆ ಹೋಗಿ ಡಿಗ್ರಿ ಮುಗಿಸಿದೆ, ವಕೀಲಿ ಸನ್ನದು ತಗೊಂಡೆ, ಬಾರ್ ಪರೀಕ್ಷೆ ಬರೆದೆ. ಸೀನಿಯರ್ ಹಿಂದೆ ಫೈಲು ಹಿಡಿದು ಓಡಾಡುತ್ತಿದ್ದೆ, ಅಷ್ಟರಲ್ಲಿ ಇಲ್ಲಿ ಮಾಸ್ಟರ್ಸ್ ಸೀಟು ಸಿಕ್ಕಿತು. ಓದು ಮುಗಿಯುವ ಹೊತ್ತಿಗೆ ಯುರೋಪಿನಲ್ಲಿ ಖಾಸಗಿ ಮಾಹಿತಿ ರಕ್ಷಣೆಯ ಹೊಸ ಕಾನೂನು ಜಾರಿಗೆ ಬಂದಿತ್ತು. ಕಂಪನಿಗಳಿಗೆಲ್ಲ ಅದನ್ನು ಓದುವವರು ಬೇಕಾಗಿದ್ದರು. ಕೆಲಸ ಸಿಕ್ಕಿತು, ಚೆನ್ನಾಗಿಯೂ ಇದೆ. ಸಂಬಳದ ನೌಕರಿಯಲ್ಲಿ ಇರುವವರು ಸನ್ನದು ಇಟ್ಟುಕೊಂಡು ಪ್ರಾಕ್ಟೀಸ್ ಮಾಡುವಂತಿಲ್ಲ ಅನ್ನುವ ನಿಯಮ ನಿನಗೂ ಗೊತ್ತು. ನನ್ನ ಸನ್ನದು ಅಮಾನತಿನಲ್ಲಿದೆ. ಅರ್ಜಿ ಕೊಟ್ಟರೆ ವಾಪಸ್ ಸಿಗುತ್ತದೆ, ಅದು ದೊಡ್ಡ ಮಾತಲ್ಲ. ಆದರೆ ನಾನು ಇವತ್ತಿನವರೆಗೂ ಒಬ್ಬ ಸಾಕ್ಷಿಯನ್ನೂ ಪಾಟೀಸವಾಲು ಮಾಡಿಲ್ಲ.

ಬೇಸಿಗೆಯಲ್ಲಿ ಊರಿಗೂ ಇಲ್ಲಿಗೂ ಎರಡೂವರೆ ಗಂಟೆ ವ್ಯತ್ಯಾಸ. ಅಲ್ಲಿ ಹತ್ತೂವರೆಗೆ ಹೈಕೋರ್ಟ್ ಶುರುವಾದರೆ ಇಲ್ಲಿ ಎಂಟು ಗಂಟೆ. ಒಂದೊಂದು ದಿನ ಕಾಫಿ ಕುಡಿಯುತ್ತಾ ಯೂಟ್ಯೂಬಿನಲ್ಲಿ ಧಾರವಾಡ ಪೀಠದ ಕಲಾಪ ಹಾಕಿಕೊಳ್ಳುತ್ತೇನೆ. ನನ್ನ ಕ್ಲಾಸ್‌ಮೇಟ್ ಒಬ್ಬಳು ಅಲ್ಲಿ ಬರುತ್ತಾಳೆ. ಕಾಲೇಜಿನಲ್ಲಿ ಮೂಟ್ ಕೋರ್ಟ್ (ಅಣಕು ನ್ಯಾಯಾಲಯ) ಅಂದರೆ ಕೈ ನಡುಗಿಸುತ್ತಿದ್ದವಳು, ಈಗ ಜಡ್ಜ್ ಪ್ರಶ್ನೆ ಮುಗಿಸುವ ಮುಂಚೆಯೇ ಪುಟದ ಸಂಖ್ಯೆ ಹೇಳುತ್ತಾಳೆ. ಹೊಟ್ಟೆಕಿಚ್ಚು ಅಲ್ಲ ಅಂತ ಸುಮ್ನೆ ಹೇಳಬಹುದು. ಹೊಟ್ಟೆಕಿಚ್ಚೇ.

ಅದಕ್ಕೇ ಹೇಳ್ತೀನಿ, ಬಾ, ಕಲಿ, ವಾಪಸ್ ಹೋಗು. ಸನ್ನದು ಮಾಡಿಸಿಕೊಂಡು ವಿಚಾರಣಾ ಕೋರ್ಟಿನಲ್ಲಿ ನಾಲ್ಕು ಜನ ಬೈಯುವಷ್ಟು ದಿನ ನಿಲ್ಲು. ಆಮೇಲೂ ಇಲ್ಲಿಗೆ ಬರಬೇಕು ಅನಿಸಿದರೆ ಬಾ, ಆಗ ನಾನೇ ನಿನ್ನ ರೆಸ್ಯೂಮೆ ತಿದ್ದಿ ಕೊಡುತ್ತೇನೆ. ನಿಮ್ಮ ಅಪ್ಪನಿಗೆ ಈ ಮಾತು ಇಷ್ಟ ಆಗಲಿಕ್ಕಿಲ್ಲ. ಬೇಕಾದರೆ ನನ್ನ ಹತ್ತಿರ ಮಾತಾಡಲಿ.

ಉಳಿದದ್ದು ಚಿಲ್ಲರೆ. ವೀಸಾಕ್ಕೆ 30,000 ಯೂರೋಗೆ ಕಡಿಮೆ ಇಲ್ಲದ ವೈದ್ಯಕೀಯ ವಿಮೆ ಬೇಕು. ಉಳಿದ ಕಾಗದಗಳ ಪಟ್ಟಿ ಕೋರ್ಸಿನವರೇ ಕಳಿಸುತ್ತಾರೆ. ಜುಲೈನಲ್ಲೂ ಒಂದು ಜಾಕೆಟ್ ಇರಲಿ. ರಾತ್ರಿ ಹತ್ತಾದರೂ ಬೆಳಕಿರುತ್ತದೆ, ಕಣ್ಣಿಗೆ ಕಟ್ಟಿಕೊಳ್ಳಲು ಬಟ್ಟೆ ತಾ. ನಮ್ಮ ದಪ್ಪ ಪಿನ್ನಿನ ಪ್ಲಗ್ ಇಲ್ಲಿ ಹಿಡಿಯುವುದಿಲ್ಲ, ಅಡಾಪ್ಟರ್ ಬೇಕು. ಜನ ಮಾತು ಕಡಿಮೆ, ಅದನ್ನು ಸಿಟ್ಟು ಅಂದುಕೊಳ್ಳಬೇಡ. ಊಟಕ್ಕೆ ಉಪವಾಸ ಬೀಳಲ್ಲ. ಆಲೂಗಡ್ಡೆ, ಮೊಸರು, ಕಪ್ಪು ಬ್ರೆಡ್ ಎಲ್ಲ ಕಡೆ ಸಿಗುತ್ತದೆ. ಇವರು ಎಲ್ಲದಕ್ಕೂ ಸಬ್ಬಸಿಗೆ ಸೊಪ್ಪು ಉದುರಿಸುತ್ತಾರೆ. ನಾನು ಬಂದ ಹೊಸತರಲ್ಲಿ ಅಂಗಡಿಯಲ್ಲಿ ಆ ವಾಸನೆ ಬಂದು ಸೊಪ್ಪಿನ ಕಟ್ಟು ಹಿಡಿದುಕೊಂಡು ನಿಂತುಬಿಟ್ಟಿದ್ದೆ.

ಬರುವಾಗ ಪೇಡೆ ತರ್ತೀನಿ ಅಂತ ಬರೆದಿದ್ದೀಯ. ತರಬೇಡ ಕಣೋ. ಯುರೋಪಿನ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ, ಕಸ್ಟಮ್ಸ್‌ನವರು ಕಿತ್ತುಕೊಳ್ಳುತ್ತಾರೆ. ಕಾನೂನು ಓದುವ ಹುಡುಗ ಮೊದಲ ದಿನವೇ ಸಿಕ್ಕಿಬೀಳುವುದು ಬೇಡ. ಶೇಂಗಾ ಚಟ್ನಿಪುಡಿ ತಾ, ಜಾಸ್ತಿನೇ ತಾ.