ಕೆಂಪು ಮೈನಸ್: ವಿಶ್ವಕೋಶದ ಜಗಳವೊಂದರ ಆಪ್ತಸಲಹೆ

ವಿಕಿಪೀಡಿಯದಲ್ಲಿ ಪ್ರತಿ ಪುಟದ ಇತಿಹಾಸವೂ ಎಲ್ಲರಿಗೂ ತೆರೆದಿರುತ್ತದೆ. ಆದ್ದರಿಂದ ಅಲ್ಲಿನ ಜಗಳದಿಂದ ನಿದ್ದೆಗೆಟ್ಟು ಆಪ್ತಸಲಹೆಗೆ ಬಂದವರೊಬ್ಬರ ಕಥೆ ಹೇಳುವಾಗ ಹೆಸರು ಮುಚ್ಚಿಟ್ಟರಷ್ಟೇ ಸಾಲದು. ಜಗಳವಾದ ಲೇಖನವನ್ನು ಅದೇ ಜಾತಿಯ ಬೇರೊಂದಕ್ಕೆ ಬದಲಿಸಿದೆ, ಅಂಕಿಗಳನ್ನೂ ಊರುಕೇರಿಗಳನ್ನೂ ಆಚೀಚೆ ಮಾಡಿದೆ. ಬಂದವರನ್ನು ರಾಯರು ಎಂದು ಕರೆಯೋಣ.

ರಾಯರಿಗೆ 62. ಧಾರವಾಡ ಕಡೆಯವರು, ಬ್ಯಾಂಕಿನಿಂದ ನಿವೃತ್ತರು, ಪುಣೆಯ ಕೋಥರೂಡಿನಲ್ಲಿ ಮೂವತ್ತು ವರ್ಷದ ಸಂಸಾರ. ಅವರಾಗಿ ಬಂದವರಲ್ಲ, ಹೆಂಡತಿ ಕರೆತಂದದ್ದು. "ರಾತ್ರಿ ಎರಡಕ್ಕ ಎದ್ದು ಲ್ಯಾಪ್‌ಟಾಪ್ ತಗೀತಾರ್ರೀ. ಏನ್ ನೋಡ್ತೀರಿ ಅಂದ್ರ, ಅಂವಾ ಮತ್ತ ತಗದಾನ ಅಂತಾರ. ಯಾರು ಅಂವಾ, ಏನ್ ತಗದಾನ, ನಮಗ ಒಂದೂ ತಿಳೀವಲ್ದು." ಬಿಪಿ ಮಾತ್ರೆ ಮೊದಲೇ ನಡೆದಿತ್ತು. ನಿದ್ದೆ ಮೂರು ವಾರದಿಂದ ಹದಗೆಟ್ಟಿತ್ತು.

ತೆಗೆದದ್ದು ಒಂದು ಪ್ಯಾರಾ. ಕನ್ನಡ ವಿಕಿಪೀಡಿಯದಲ್ಲಿ ಪಂಢರಪುರದ ವಿಠ್ಠಲನ ಕುರಿತ ಲೇಖನಕ್ಕೆ ರಾಯರು ಸೇರಿಸಿದ್ದು. ಅದರಲ್ಲಿ ಮೂರು ಮಾತಿದ್ದವು: ಹೊಯ್ಸಳ ಸೋಮೇಶ್ವರ ಈ ದೇವರಿಗೆ ಊರೊಂದನ್ನು ದತ್ತಿ ಬಿಟ್ಟ 1237ರ ಶಾಸನ, ಮರಾಠಿ ಸಂತಕವಿ ಜ್ಞಾನೇಶ್ವರರ ಅಭಂಗದಲ್ಲಿ (ಭಕ್ತಿಪದದಲ್ಲಿ) ವಿಠ್ಠಲನಿಗೆ ಬಳಸಿರುವ 'ಕಾನಡಾ', 'ಕರ್ನಾಟಕು' ಎಂಬ ಪದಗಳು, ಕೊನೆಗೆ, 'ಆದ್ದರಿಂದ ವಿಠ್ಠಲ ಕನ್ನಡಿಗರ ದೇವರು' ಎಂಬ ತೀರ್ಪು. ಇನ್ನೊಬ್ಬ ಸದಸ್ಯ ಮೂರನ್ನೂ ಒಟ್ಟಿಗೆ ಕಿತ್ತುಹಾಕಿ, ಸಂಪಾದನೆಯ ಸಾರಾಂಶದಲ್ಲಿ, ಅಂದರೆ ಬದಲಾವಣೆಯ ಕಾರಣ ಬರೆಯುವ ಸಾಲಿನಲ್ಲಿ, 'ಆಕರವಿಲ್ಲದ ಭಾಷಾಭಿಮಾನ' ಎಂದು ಬರೆದ. ಅವನ ಸದಸ್ಯಪುಟದ ಪ್ರಕಾರ ಅವನೂ ಕನ್ನಡಿಗನೇ, ಮುಂಬೈ ಬಳಿಯ ಡೊಂಬಿವಲಿಯಲ್ಲಿರುವ ತರುಣ, ಐಟಿ ಕೆಲಸ. ರಾಯರು ವಾಪಸ್ ಹಾಕಿದರು, ಅವನು ಮತ್ತೆ ತೆಗೆದ. ಹನ್ನೊಂದು ದಿನದಲ್ಲಿ ಹದಿನಾಲ್ಕು ಸಲ.

ಮೊದಲ ಭೇಟಿಯಲ್ಲಿ ರಾಯರು ಇತಿಹಾಸದ ಪುಟವನ್ನೇ ಅಚ್ಚುಹಾಕಿಸಿ ತಂದಿದ್ದರು. ಒಂದು ಸಾಲಿನ ಮೇಲೆ ಬೆರಳಿಟ್ಟು, "ನೋಡ್ರಿ, ಸಾವಿರದ ಎಂಟುನೂರಾ ನಲವತ್ತಾರು ಅಕ್ಷರ" ಎಂದರು. ಕೆಂಪಿನಲ್ಲಿ −1,846 ಎಂದಿತ್ತು. ಅದು ಅಕ್ಷರವಲ್ಲ, ಬೈಟ್, ಅಂದರೆ ಕಂಪ್ಯೂಟರಿನ ಅಳತೆ. ಕನ್ನಡದ ಒಂದೊಂದು ಚಿಹ್ನೆಯೂ ಅಲ್ಲಿ 3 ಬೈಟ್ ತಿನ್ನುತ್ತದೆ. ಗುಣಿತ, ಅರ್ಧಾಕ್ಷರದ ಗುರುತು, ಒತ್ತು ಎಲ್ಲ ಬೇರೆಬೇರೆ ಲೆಕ್ಕ. 'ವಿಠ್ಠಲ' ಎಂಬ ಒಂದೇ ಪದಕ್ಕೆ ಆರು ಚಿಹ್ನೆ, 18 ಬೈಟ್. ಹಾಗೆ ನೋಡಿದರೆ ಹೋದದ್ದು ಎಪ್ಪತ್ತು ಪದದ ಆಸುಪಾಸು. ಅದೂ ಹೋದದ್ದಲ್ಲ: ಹಳೆಯ ಆವೃತ್ತಿ ಇತಿಹಾಸದಲ್ಲಿ ಇದ್ದೇ ಇರುತ್ತದೆ, ಯಾವಾಗ ಬೇಕಾದರೂ ತೆರೆದು ಓದಬಹುದು. ಸಂಖ್ಯೆ ಚಿಕ್ಕದಾದಾಗ ಅವರ ದನಿಯೂ ಕೊಂಚ ಇಳಿಯಿತು. ಇಂಥ ವಿವರವನ್ನು ಸಲಹೆಗಾರರು ಸಮಾಧಾನದ ಮಾತಿಗಿಂತ ಮುಂಚೆ ಹೇಳುವುದು ಒಳ್ಳೆಯದು.

ನೋವಿನ ಮೂಲ ಬೈಟ್‌ನಲ್ಲಿ ಇರಲಿಲ್ಲ ಅನ್ನಿ. ಪುಣೆಯಲ್ಲಿ ಮೂರು ದಶಕ 'ಕಾನಡಿ' ಎನಿಸಿಕೊಂಡು, ಕಚೇರಿಯಲ್ಲಿ ನಕ್ಕು ಸುಮ್ಮನಾದ ಮನುಷ್ಯ. ನಿವೃತ್ತಿಯಾದ ಮೇಲೆ ಮೊದಲ ಸಲ ತನ್ನ ಭಾಷೆಯಲ್ಲಿ, ತನಗೆ ಗೊತ್ತಿರುವುದನ್ನು ನಾಲ್ಕು ಜನರೆದುರು ಇಟ್ಟಿದ್ದರು. ಅದನ್ನು ಅಳಿಸಿದವನು ಮರಾಠಿಯವನಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲವೇನೋ. "ನಮ್ಮಂವನ ಹಿಂಗ ಅಂದ್ರ?" ಎಂದು ಕೇಳುವಾಗ ಅವರ ಕಣ್ಣು ಆ ಎರಡು ಪದದ ಸಾರಾಂಶದ ಮೇಲೇ ಇತ್ತು.

ಮೊದಲ ವಾರದ ಸಲಹೆ ಜಗಳಕ್ಕೆ ಸಂಬಂಧಿಸಿದ್ದಲ್ಲ, ಸದ್ದಿಗೆ ಸಂಬಂಧಿಸಿದ್ದು. ಆದ್ಯತೆಗಳ ಪುಟದಲ್ಲಿ ಎರಡು ಕಡೆ ಟಿಕ್ ತೆಗೆಸಲಾಯಿತು: ವೀಕ್ಷಣಾಪಟ್ಟಿಯ (ಗಮನವಿಡಲು ತಾವೇ ಗುರುತಿಟ್ಟ ಪುಟಗಳ ಪಟ್ಟಿಯ) ಪುಟ ಬದಲಾದಾಗ ಬರುವ ಇಮೇಲ್, ಮತ್ತು ಅಧಿಸೂಚನೆಗಳ ವಿಭಾಗದಲ್ಲಿ 'ನಿಮ್ಮ ಸಂಪಾದನೆ ರದ್ದಾಗಿದೆ' ಎಂದು ಬರುವ ಸೂಚನೆ. ಬರೀ ಒಂದನ್ನು ತೆಗೆದರೆ ಇನ್ನೊಂದು ಬರುತ್ತಲೇ ಇರುತ್ತದೆ, ಹೆಚ್ಚಿನವರು ಎಡವುವುದು ಇಲ್ಲಿಯೇ. ಆ ಲೇಖನ ತೆರೆಯುವುದು ದಿನಕ್ಕೆ ಒಮ್ಮೆ, ಬೆಳಗಿನ ತಿಂಡಿಯ ನಂತರ. ಲ್ಯಾಪ್‌ಟಾಪ್ ರಾತ್ರಿ ಹತ್ತಕ್ಕೆ ಅಡುಗೆಮನೆಯ ಕಪಾಟಿಗೆ. ಜೊತೆಗೊಂದು ನೋಟ್‌ಬುಕ್, ನಾಲ್ಕು ಕಾಲಂ: ಎಷ್ಟು ಗಂಟೆ, ಏನು ನೋಡಿದೆ, ಮೈಯಲ್ಲಿ ಏನಾಯಿತು, ಯಾವ ಗುಂಡಿ ಒತ್ತಿದೆ. ಎರಡು ವಾರದ ಬರಹ ನೋಡಿದಾಗ ಒಂದು ಸಂಗತಿ ಎದ್ದು ಕಂಡಿತು. ಕಿವಿ ಬಿಸಿಯಾಗಿದೆ ಎಂದು ಬರೆದ ದಿನವೆಲ್ಲ ಗುಂಡಿ ಒತ್ತಿದ್ದರು, ಬರೆಯದ ದಿನ ಒತ್ತಿರಲಿಲ್ಲ.

ಇನ್ನು ಜಗಳ. ರಾಯರು ನಿಯಮ ಓದಿಕೊಂಡೇ ಬಂದಿದ್ದರು. ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಂದು ಪುಟದ ಮೇಲೆ 24 ಗಂಟೆಯಲ್ಲಿ ಮೂರಕ್ಕಿಂತ ಹೆಚ್ಚು ಸಲ ಇನ್ನೊಬ್ಬರ ಕೆಲಸವನ್ನು ಹಿಂದಿರುಗಿಸಬಾರದು. "ನಾ ದಿನಕ್ಕ ಎರಡರ ಮ್ಯಾಲ ಮಾಡಿಲ್ಲ, ನಿಯಮ ಮುರದಿಲ್ಲ" ಎಂಬುದು ಅವರ ವಾದ. ಲೆಕ್ಕ ಸರಿ, ಅರ್ಥ ತಪ್ಪು. ಮೂರು ಎಂಬುದು ದಿನದ ರೇಷನ್ ಅಲ್ಲ. ದಿನಕ್ಕೆ ಎರಡರಂತೆ ವಾರಗಟ್ಟಲೆ ಎಳೆದರೂ ಅದು ಸಂಪಾದನಾ ಯುದ್ಧವೇ, ನಿರ್ವಾಹಕರು ಮೂರು ತುಂಬುವ ಮೊದಲೇ ತಡೆ ಹಾಕಬಹುದು. ಅದೇ ಮಾತನ್ನು ಬೇರೆ ಪದದಲ್ಲಿ ಮತ್ತೆ ಸೇರಿಸಿದರೂ ಹಿಂದಿರುಗಿಸಿದ ಲೆಕ್ಕಕ್ಕೇ ಬರುತ್ತದೆ. ಪುಟಕ್ಕೆ ಬೀಗ ಹಾಕಿಸುವ ಆಸೆಯೂ ಅವರಿಗಿತ್ತು. ಬೀಗ ಹಾಕುವ ನಿರ್ವಾಹಕರು ಆ ಗಳಿಗೆಗೆ ಯಾವ ಆವೃತ್ತಿ ಇದೆಯೋ ಅದಕ್ಕೇ ಹಾಕುತ್ತಾರೆ, ಅದು ಎದುರಾಳಿಯದೂ ಆಗಿರಬಹುದು ಎಂದಾಗ ಆಸೆ ಅಲ್ಲಿಗೇ ನಿಂತಿತು.

ಇದಕ್ಕಿಂತ ಗಂಭೀರವಾದದ್ದು ಎರಡನೇ ಭೇಟಿಯಲ್ಲಿ ಹೊರಬಿತ್ತು. ಒಂದು ಸಲ ವಾಪಸ್ ಹಾಕಿದ್ದು ರಾಯರಲ್ಲ, ಅದೇ ಮನೆಯ ವೈಫೈಯಲ್ಲಿ, ಅವರ ಮಾತಿನ ಮೇರೆಗೆ, ಅವರ ತಂಗಿಯ ಮಗ. ಮೇಲಾಗಿ ಪುಣೆ ಕನ್ನಡಿಗರ ವಾಟ್ಸಾಪ್ ಗುಂಪಿನಿಂದ ಹನ್ನೆರಡು ಜನರನ್ನು ಖಾತೆ ತೆರೆಸಿ ಚರ್ಚಾಪುಟದಲ್ಲಿ 'ಬೆಂಬಲ' ಬರೆಸುವ ತಯಾರಿ ನಡೆದಿತ್ತು. ಅಲ್ಲಿ ತೀರ್ಮಾನ ತಲೆ ಎಣಿಸಿ ಆಗುವುದಿಲ್ಲ, ಆಧಾರ ತೂಗಿ ಆಗುತ್ತದೆ. ಒಂದೇ ದಿನ ಹುಟ್ಟಿದ ಹನ್ನೆರಡು ಖಾತೆ ಒಂದೇ ಮಾತು ಹೇಳಿದರೆ ಅವನ್ನು ಕೈಗೊಂಬೆ ಖಾತೆ ಎಂದೇ ಭಾವಿಸುತ್ತಾರೆ, ತಾಂತ್ರಿಕ ತಪಾಸಣೆಗೂ ಅವಕಾಶವಿದೆ. ಕೊಟ್ಟ ಸಲಹೆ: ಗುಂಪಿನ ಕರೆ ಇವತ್ತೇ ನಿಲ್ಲಿಸಿ, ತಂಗಿಯ ಮಗನ ವಿಷಯವನ್ನು ಯಾರಾದರೂ ಕೇಳುವ ಮೊದಲೇ ನೀವಾಗಿ ಚರ್ಚಾಪುಟದಲ್ಲಿ ಒಂದು ಸಾಲಿನಲ್ಲಿ ಹೇಳಿಬಿಡಿ, ಸಮರ್ಥನೆ ಬೇಡ. ರಾಯರಿಗೆ ಇದು ಎಲ್ಲಕ್ಕಿಂತ ಕಷ್ಟವಾಯಿತು. ನಾಲ್ಕು ದಿನ ತೆಗೆದುಕೊಂಡು ಬರೆದರು.

ಈಗ ಪ್ಯಾರಾ. ತರುಣನ ಮೊದಲ ಕೆಲಸದಲ್ಲಿ ಅರ್ಧ ಸರಿ ಇತ್ತು. 'ಆದ್ದರಿಂದ' ಎಂಬ ಪದದ ಮುಂದಿನದು ರಾಯರ ಸ್ವಂತ ತರ್ಕ, ವಿಶ್ವಕೋಶದಲ್ಲಿ ಅದಕ್ಕೆ ಜಾಗವಿಲ್ಲ. ಆದರೆ ಶಾಸನದ ಸಾಲಿಗೆ ರಾಯರು ಆಕರ ಕೊಟ್ಟಿದ್ದರು, ಅದನ್ನೂ ಕಿತ್ತದ್ದು ಅವನ ತಪ್ಪು. ಒಂದೇ ಕ್ಲಿಕ್ಕಿನಲ್ಲಿ ರದ್ದು ಮಾಡುವ ಸೌಲಭ್ಯ ಕಲ್ಲಿನ ಜೊತೆ ಅಕ್ಕಿಯನ್ನೂ ಚೆಲ್ಲಿಸುತ್ತದೆ. ಬೇಡದ ವಾಕ್ಯವನ್ನಷ್ಟೇ ಕೈಯಾರೆ ತೆಗೆಯಲು ಎರಡು ನಿಮಿಷ ಹೆಚ್ಚು ಬೇಕು, ಆ ಎರಡು ನಿಮಿಷ ಯಾರೂ ಕೊಟ್ಟಿರಲಿಲ್ಲ.

ನಿಜವಾದ ತಕರಾರು ಉಳಿದದ್ದು ಅಭಂಗದ ಮೇಲೆ. ಮೂಲ ಪಠ್ಯದಲ್ಲೇ 'ಕಾನಡಾ' ಎಂದಿದೆಯಲ್ಲ, ಇನ್ನೇನು ಪುರಾವೆ ಬೇಕು ಎಂಬುದು ರಾಯರ ಪಟ್ಟು. ಮರಾಠಿ ವ್ಯಾಖ್ಯಾನಕಾರರಲ್ಲಿ ಕೆಲವರು 'ಕಾನಡಾ' ಎಂದರೆ ತಿಳಿಯಲಾಗದವನು, 'ಕರ್ನಾಟಕು' ಎಂದರೆ ಲೀಲೆಯಾಡುವ ನಾಟಕಕಾರ ಎಂದೂ ಅರ್ಥ ಮಾಡುತ್ತಾರೆ. ಹೀಗೆ ಎರಡು ಅರ್ಥ ಹೊರಡುವ ಕಡೆ ಮೂಲ ಪಠ್ಯವನ್ನು ನಾವೇ ಬಿಡಿಸಿ ಹೇಳುವಂತಿಲ್ಲ. ಬಿಡಿಸಿ ಹೇಳಿದ ವಿದ್ವಾಂಸರ ಹೆಸರು ಹಿಡಿದು, ಅವರ ಮಾತೆಂದೇ ಬರೆಯಬೇಕು. ರಾಯರ ಅದೃಷ್ಟಕ್ಕೆ ಪುಣೆಯಲ್ಲೇ ಬಾಳಿದ ರಾ. ಚಿಂ. ಢೇರೆಯವರು 1984ರ ತಮ್ಮ ಮರಾಠಿ ಗ್ರಂಥದಲ್ಲಿ ವಿಠ್ಠಲನ ಕರ್ನಾಟಕದ ನಂಟನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. 2011ರಲ್ಲಿ ಅದರ ಇಂಗ್ಲಿಷ್ ಅನುವಾದವೂ ಬಂದಿದೆ. ಮೂವತ್ತು ವರ್ಷ ಮರಾಠಿ ಓದಿದ ರಾಯರಿಗೆ ಅದನ್ನು ಮೂಲದಲ್ಲೇ ಓದುವ ಅನುಕೂಲವಿತ್ತು, ತರುಣನಿಗೆ ಬಹುಶಃ ಇರಲಿಲ್ಲ. ಈ ಮಾತು ಅವರಿಗೆ ಮಾತ್ರೆಗಿಂತ ಚೆನ್ನಾಗಿ ಹತ್ತಿತು.

ಹೊಸ ಪ್ಯಾರಾವನ್ನು ನೇರವಾಗಿ ಲೇಖನಕ್ಕೆ ಹಾಕದೆ ಪ್ರಯೋಗಪುಟದಲ್ಲಿ ಬರೆದು, ಚರ್ಚಾಪುಟದಲ್ಲಿ ಅದರ ಕೊಂಡಿ ಕೊಟ್ಟು, ತರುಣನ ಬಳಕೆದಾರ ಹೆಸರನ್ನು ಸೇರಿಸಿ ಅವನಿಗೆ ಸೂಚನೆ ಹೋಗುವಂತೆ ಮಾಡಿ, ಏಳು ದಿನ ಕಾಯಬೇಕು ಎಂದು ಹೇಳಲಾಯಿತು. ಒಂದು ಸಲಕ್ಕೆ ಒಂದೇ ವಾಕ್ಯದ ಚರ್ಚೆ, ಪ್ರತಿ ವಾಕ್ಯಕ್ಕೂ ಪುಟಸಂಖ್ಯೆ, ಕೊನೆಗೆ ಸಹಿ. 'ನೀವು' ಎಂದು ಶುರುವಾಗುವ ವಾಕ್ಯ ಬೇಡ, 'ಈ ಸಾಲು' ಎಂದು ಶುರುವಾಗಲಿ.

ಇಂಗ್ಲಿಷಿನಲ್ಲಾದರೆ ಮೂರನೆಯವರ ಅಭಿಪ್ರಾಯ ಕೇಳಲು, ಅಭಿಪ್ರಾಯ ಆಹ್ವಾನಿಸಿ ಮೂವತ್ತು ದಿನ ತೆರೆದಿಡಲು ಬೇರೆಬೇರೆ ಕಟ್ಟೆಗಳಿವೆ. ಕನ್ನಡದಲ್ಲಿ ದಿನಾ ದುಡಿಯುವವರು ಕೆಲವೇ ಮಂದಿ, ಇರುವುದು ಎಲ್ಲರೂ ಸೇರಿ ಮಾತಾಡುವ 'ಅರಳಿಕಟ್ಟೆ' ಎಂಬ ಪುಟ. ಇಲ್ಲಿ ಸೋತವರು ಬೇರೆ ಓಣಿಗೆ ಹೋಗಿ ಬದುಕುವ ಹಾಗಿಲ್ಲ, ನಾಳೆ ಇನ್ನೊಂದು ಲೇಖನದಲ್ಲಿ ಮತ್ತೆ ಮುಖಾಮುಖಿ. ರಾಯರು ಅರಳಿಕಟ್ಟೆಗೆ ಬರೆದ ಮೊದಲ ಕರಡು ಹೀಗಿತ್ತು: 'ಕನ್ನಡದ ಶಾಸನವನ್ನೇ ಅಳಿಸುತ್ತಿರುವ ಈ ಸದಸ್ಯರನ್ನು ಏನು ಮಾಡಬೇಕು?' ತಿದ್ದಿದ ಮೇಲೆ: 'ಅಭಂಗದ ಕಾನಡಾ ಪದದ ಅರ್ಥವನ್ನು ಲೇಖನದಲ್ಲಿ ಹೇಗೆ ಕೊಡಬೇಕು? ಎರಡೂ ಆವೃತ್ತಿಗಳ ಕೊಂಡಿ ಕೆಳಗಿದೆ. ಮರಾಠಿ, ಕನ್ನಡ ಎರಡೂ ಓದಬಲ್ಲವರು ನೋಡಿದರೆ ಉಪಕಾರ.' ಎರಡನೆಯದಕ್ಕೆ ಮೂರು ದಿನದಲ್ಲಿ ಉತ್ತರ ಬಂತು.

ಇನ್ನೊಂದು ಸಣ್ಣ ಸಲಹೆಗೆ ರಾಯರು ಬಹಳ ಹೊತ್ತು ಒಪ್ಪಲಿಲ್ಲ. ಆ ತರುಣನ ಕಾಣಿಕೆಗಳ ಪಟ್ಟಿ ತೆಗೆದು, ಪ್ರಾಮಾಣಿಕವಾಗಿ ಮೆಚ್ಚುವಂಥ ಒಂದೇ ಒಂದು ಸಂಪಾದನೆ ಹುಡುಕಿ ಅದರ ಪಕ್ಕದ ಧನ್ಯವಾದ ಗುಂಡಿ ಒತ್ತುವುದು. ಸಿಗದಿದ್ದರೆ ಒತ್ತಬೇಡಿ ಎಂದೂ ಹೇಳಿತ್ತು. ಸಿಕ್ಕಿತು: ಭೀಮಾ ನದಿಯ ಲೇಖನದಲ್ಲಿ ಅವನು ತಿದ್ದಿದ ಕಾಗುಣಿತಗಳ ಸಾಲು. "ಶ್ರದ್ಧೆ ಐತಿ ಹುಡುಗಗ" ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಾರೆ.

ಪ್ಯಾರಾ ಈಗ ನಾಲ್ಕು ವಾಕ್ಯವಾಗಿ ನಿಂತಿದೆ. ಶಾಸನ ಉಳಿದಿದೆ, ಅಭಂಗದ ಎರಡೂ ಅರ್ಥ ಇವೆ, ಢೇರೆಯವರ ಅಭಿಪ್ರಾಯ ಅವರ ಹೆಸರಿನಲ್ಲೇ ಇದೆ, 'ಆದ್ದರಿಂದ' ಹೋಗಿದೆ. ವಾಕ್ಯಗಳ ಕ್ರಮವನ್ನು ತರುಣ ಬದಲಿಸಿದ, ರಾಯರು ಮುಟ್ಟಲಿಲ್ಲ. ರಾಯರ ನಿದ್ದೆ ಐದನೇ ವಾರಕ್ಕೆ ಆರು ಗಂಟೆಗೆ ಮರಳಿತು.

ಬಗೆಹರಿಯದೆ ಉಳಿದದ್ದು 'ಆಕರವಿಲ್ಲದ ಭಾಷಾಭಿಮಾನ' ಎಂಬ ಆ ಎರಡು ಪದ. ಉಳಿಸಿದ ಸಂಪಾದನೆಯ ಸಾರಾಂಶವನ್ನು ಬರೆದವನೂ ತಿದ್ದಲಾರ. ನಿರ್ವಾಹಕರು ಮರೆಮಾಡಬಲ್ಲರು, ಆದರೆ ಅದು ತೀರಾ ಹೊಲಸು ಬೈಗುಳಕ್ಕೆ, ಖಾಸಗಿ ವಿವರ ಬಯಲಾದಾಗ. ಇದು ಆ ಮಟ್ಟದ್ದಲ್ಲ ಎಂದು ಮೂರು ಭೇಟಿಯಲ್ಲಿ ಮೂರು ಸಲ ಹೇಳಬೇಕಾಯಿತು. ತರುಣ ಚರ್ಚಾಪುಟದಲ್ಲಿ 'ಪದ ಬಿರುಸಾಯಿತು' ಎಂದಷ್ಟೇ ಬರೆದ, ಕ್ಷಮೆ ಎಂಬ ಮಾತು ಬರಲಿಲ್ಲ. ಇತಿಹಾಸದ ಪುಟ ಒಮ್ಮೆಗೆ 50 ಆವೃತ್ತಿಗಳನ್ನು ತೋರಿಸುತ್ತದೆ. ಆ ಸಾಲು ಈಗ ಎರಡನೇ ಪುಟಕ್ಕೆ ಜಾರಿದೆ ಎಂದು ಕಳೆದ ತಿಂಗಳು ರಾಯರೇ ಫೋನ್ ಮಾಡಿ ತಿಳಿಸಿದರು.