ಷಾರ್ಲೆಟ್‌ಗೆ ಬಂದಿದ್ದೀರಾ? ಹಾಗಾದ್ರೆ ನಾಸ್ಕಾರ್ ತಪ್ಪಿದ್ದಲ್ಲ

ಅಮೆರಿಕದ ಷಾರ್ಲೆಟ್‌ಗೆ ಹೊಸದಾಗಿ ಬಂದಿದ್ದೇನೆ, ಸೋಮವಾರ ಬಂತೆಂದರೆ ಆಫೀಸಿನಲ್ಲಿ ಬರೀ ಕಾರ್ ರೇಸ್ ಮಾತು, ಅದರಲ್ಲಿ ಈ ‘ರಿಂಗರ್’ ಅಂದ್ರೆ ಯಾರು ಅಂತ ಕೇಳಿದ್ದೀರಿ. ಮನೆ ಬಾಡಿಗೆ, ದಿನಸಿ ಅಂಗಡಿ ಬಗ್ಗೆ ಹೇಳೋಕೆ ಬೇಕಾದಷ್ಟು ಜನ ಇದ್ದಾರೆ. ನಾನು ರೇಸ್ ವಿಷಯಾನೇ ಹೇಳುತ್ತೇನೆ.

ನಾಸ್ಕಾರ್ ಅಂದ್ರೆ ಅಮೆರಿಕದ ದೊಡ್ಡ ಕಾರ್ ರೇಸ್ ಸಂಸ್ಥೆ. ಅದರ ತಂಡಗಳು ಜಾಸ್ತಿ ಇರುವುದು ಇಲ್ಲೇ ಕಾನ್ಕರ್ಡ್, ಮೂರ್ಸ್‌ವಿಲ್ ಸುತ್ತಮುತ್ತ. ಹೆಚ್ಚಿನ ಟ್ರ್ಯಾಕ್‌ಗಳಲ್ಲಿ ಬರೀ ಎಡಕ್ಕೇ ತಿರುಗೋದು. ಮೊದಲೆಲ್ಲ ಸೊನೋಮಾ, ವಾಟ್ಕಿನ್ಸ್ ಗ್ಲೆನ್ ಅನ್ನೋ ಎರಡು ಟ್ರ್ಯಾಕ್‌ನಲ್ಲಿ ಮಾತ್ರ ಬಲಕ್ಕೂ ತಿರುಗಬೇಕಿತ್ತು, ಗೇರ್ ಮೇಲಿಂದ ಮೇಲೆ ಬದಲಿಸಬೇಕಿತ್ತು. ಆ ವಾರ ಕೆಲವು ಸಣ್ಣ ತಂಡಗಳು ತಮ್ಮ ಡ್ರೈವರ್‌ನ ಹೊರಗೆ ಕೂರಿಸಿ, ಇಂಥ ರಸ್ತೆಯಲ್ಲಿ ಪಳಗಿದವರನ್ನು ಕರೆಸುತ್ತಿದ್ದವು. ಅವರೇ ರಿಂಗರ್‌ಗಳು.

ತಮ್ಮ ಡ್ರೈವರ್‌ನ ಪಾಯಿಂಟ್ ಹೋಗಲ್ವಾ ಅಂತೀರಾ? ಹೋಗುತ್ತೆ. ಆದರೆ ಓನರ್ ಪಾಯಿಂಟ್ ಅಂತ ಬೇರೆ ಇದೆ, ಅದು ಕಾರಿನ ನಂಬರಿಗೆ ಸೇರುತ್ತೆ. ಕಂಬಳದಲ್ಲಿ ಓಡಿಸಿದವನು ಯಾರೇ ಆಗಲಿ, ಗೆದ್ದದ್ದು ಕೋಣದ ಯಜಮಾನನ ಲೆಕ್ಕಕ್ಕೆ ಹೋಗಲ್ವಾ, ಹಾಗೆ. 2005ರಿಂದ 2012ರವರೆಗೆ ಓನರ್ ಪಾಯಿಂಟ್‌ನಲ್ಲಿ ಮೊದಲ 35ರೊಳಗಿದ್ದ ಕಾರಿಗೆ ರೇಸಿನಲ್ಲಿ ಜಾಗ ಖಾಯಂ. ಅಂಚಿನಲ್ಲಿದ್ದ ತಂಡಕ್ಕೆ ಒಂದು ಒಳ್ಳೆ ರೇಸ್ ಸಿಕ್ಕರೆ ಸಾಕಿತ್ತು.

ಇಂಥ ರಿಂಗರ್‌ಗಳಲ್ಲಿ ಕೆನಡಾದ ರಾನ್ ಫೆಲೋಸ್ 1999ರಲ್ಲಿ, ಮತ್ತೆ 2004ರಲ್ಲಿ ವಾಟ್ಕಿನ್ಸ್ ಗ್ಲೆನ್‌ನಲ್ಲಿ ಎರಡನೆಯವನಾದ. ಕಪ್ ರೇಸ್, ಅಂದ್ರೆ ನಾಸ್ಕಾರ್‌ನ ಅತಿ ಮೇಲಿನ ಹಂತದ ರೇಸ್, ಗೆಲ್ಲಲೇ ಇಲ್ಲ ಪಾಪ. ಗುಂಗುರು ಕೂದಲಿನ ಬೋರಿಸ್ ಸೈದ್‌ಗಂತೂ ಅಭಿಮಾನಿಗಳು ಅಂಥದ್ದೇ ವಿಗ್ ಹಾಕಿಕೊಂಡು ಬರುತ್ತಿದ್ದರು!

ಆಮೇಲೆ ಇಂಥ ಟ್ರ್ಯಾಕ್‌ಗಳು ಜಾಸ್ತಿಯಾದವು, 2021ರಲ್ಲಿ ಏಳು ರೇಸ್. ಖಾಯಂ ಡ್ರೈವರ್‌ಗಳೇ ಕಲಿತುಬಿಟ್ಟರು. ರಿಂಗರ್ ಕಾಲ ಮುಗೀತು ಅಂದುಕೊಂಡಾಗ 2023ರಲ್ಲಿ ಷಿಕಾಗೋ ಬೀದಿ ರೇಸಿಗೆ ನ್ಯೂಜಿಲೆಂಡಿನ ಶೇನ್ ವಾನ್ ಗಿಸ್ಬರ್ಗನ್ ಬಂದ. ನಮ್ಮ ಹಾಗೇ ಬಲಗಡೆ ಕೂತು, ಎಡಗೈಲಿ ಗೇರ್ ಹಾಕಿ ಅಭ್ಯಾಸ ಆದವನು. ಇಲ್ಲಿ ಎಲ್ಲಾ ಉಲ್ಟಾ. ಇಲ್ಲಿನವರು ಹೆಚ್ಚಾಗಿ ಎಡಗಾಲಲ್ಲಿ ಬ್ರೇಕ್ ಹಾಕಿದರೆ, ಇವನು ಬಲಗಾಲ ತುದಿಯಲ್ಲಿ ಬ್ರೇಕ್ ಒತ್ತುತ್ತಾ ಅದೇ ಕಾಲಲ್ಲಿ ಆಕ್ಸಲರೇಟರನ್ನೂ ತಟ್ಟುತ್ತಾನೆ. ಮೊದಲ ಕಪ್ ರೇಸಿನಲ್ಲೇ ಗೆದ್ದುಬಿಟ್ಟ! 1963ರ ನಂತರ ಯಾರೂ ಹಾಗೆ ಗೆದ್ದಿರಲಿಲ್ಲ. 2025ರಲ್ಲಿ ಪೂರ್ತಿ ಸೀಸನ್ ಓಡಿಸಿದ. ಈಗ ಅವನನ್ನು ರಿಂಗರ್ ಅನ್ನಬೇಕಾ ಬೇಡವಾ ಅನ್ನೋದೇ ನಿಮ್ಮ ಆಫೀಸಿನ ಜಗಳ ಇರಬೇಕು. ನನ್ನ ಕೇಳಿದರೆ, ವರ್ಷವಿಡೀ ಓಡಿಸುವವನನ್ನು ಹಾಗೆ ಕರೆಯೋದು ಸುಮ್ನೆ ಹೊಟ್ಟೆಕಿಚ್ಚು.

ಮೇ ಕೊನೆಗೆ ಇಲ್ಲೇ 600 ಮೈಲಿ ರೇಸ್ ಇದೆ, ಒಮ್ಮೆ ಹೋಗಿ ಬನ್ನಿ. ಅದು ಬರೀ ಎಡಕ್ಕೆ ತಿರುಗೋದೇ. ಮಕ್ಕಳನ್ನು ಕರೆದುಕೊಂಡು ಹೋದರೆ ಕಿವಿಗೆ ಹಾಕೋಕೆ ಏನಾದರೂ ಮರೀದೆ ತಗೊಳ್ಳಿ.