ಎಲ್ಲರ ಮನೆ ಬೀಗವೂ ತೂತು

ಈ ಸಲ ಆರಿಸಿ ತೆಗೆದಿಟ್ಟ ಐದು ಕಾಗದಗಳಲ್ಲಿ ಐದೂ ತೂತಿನ ಬಗ್ಗೆಯೇ ಇವೆ ಎಂಬುದು ನನಗೆ ಹೊಳೆದಿರಲಿಲ್ಲ. ಕಾಫಿ ತಂದಿಟ್ಟ ಮನೆಯಾಕೆ ಮೇಲಿಂದ ಮೇಲೆ ಕಣ್ಣಾಡಿಸಿ, "ನಿಮಗೆ ತಕ್ಕ ವಿಷಯವೇ ಬಂದಿದೆ" ಎಂದಳು. 34 ವರ್ಷ ಐಟಿಐಯಲ್ಲಿ ಫಿಟ್ಟರ್ ಹುಡುಗರಿಗೆ ಕಬ್ಬಿಣ ಕೊರೆಯುವುದನ್ನು ಕಲಿಸಿದವನು ನಾನು, ಎದುರಾಡಲಿಲ್ಲ. ಮೊದಲ ದಿನವೇ ಹುಡುಗರಿಗೆ ಹೇಳುತ್ತಿದ್ದೆ: ಒಂದೊಂದು ತೂತಿಗೂ ಸಮಯ ಬೇಕು, ಕರೆಂಟು ಬೇಕು, ಡ್ರಿಲ್ಲಿನ ಮೊನೆ ಸವೆಯುತ್ತದೆ. ಕಾರ್ಖಾನೆಯವನು ದುಡ್ಡು ಕೊಟ್ಟು ಸುಮ್ಮನೆ ತೂತು ಮಾಡಿಸುವುದಿಲ್ಲ.

ಮೇಷ್ಟ್ರೇ, ನಮ್ಮ ತೋಟದ ಗೇಟಿನ ಬೀಗದ ತಳದಲ್ಲಿ, ಕೀಲಿ ಹಾಕುವ ಜಾಗದ ಪಕ್ಕದಲ್ಲೇ, ಗುಂಡುಸೂಜಿ ಹೋಗುವಷ್ಟು ಸಣ್ಣ ತೂತಿದೆ. ಇರುವೆ ಸೇರಿಕೊಂಡೀತೆಂದು ಮೇಣ ತುಂಬಿದ್ದೇನೆ. ಸರಿಯೇ?
– ಅಡಿಕೆ ಬೆಳೆಗಾರರು, ಸಿರಸಿ

ಸರಿಯಲ್ಲ. ಮಳೆ ಹಿಡಿಯುವ ಮೊದಲೇ ಆ ಮೇಣ ತೆಗೆಯಿರಿ. ಬೀಗದ ಕೊಂಡಿಯ ಬುಡದಿಂದ ನೀರು ಒಳಗಿಳಿಯುವುದನ್ನು ತಡೆಯಲು ಯಾರಿಂದಲೂ ಆಗದು, ಅದರಲ್ಲೂ ನಿಮ್ಮ ಕಡೆಯ ಆಷಾಢದಲ್ಲಿ. ಇಳಿದ ನೀರು ತಾನಾಗಿ ಸೋರಿ ಹೋಗಲೆಂದೇ ತಳದಲ್ಲಿ ಆ ತೂತು. ಚಳಿ ದೇಶಗಳಲ್ಲಿ ಒಳಗೆ ನಿಂತ ನೀರು ಹೆಪ್ಪುಗಟ್ಟಿ ಬೀಗ ಬಿಗಿದುಕೊಳ್ಳುತ್ತದೆ. ನಮ್ಮಲ್ಲಿ ಆ ಕೆಲಸವನ್ನು ತುಕ್ಕು ನಿಧಾನವಾಗಿ ಮಾಡುತ್ತದೆ.

ಎರಡನೆಯ ಉಪಯೋಗ ಎಣ್ಣೆ ಬಿಡುವುದು. ಬೀಗವನ್ನು ತಲೆಕೆಳಗು ಮಾಡಿ, ಹೊಲಿಗೆ ಯಂತ್ರದ ಎಣ್ಣೆಯನ್ನು ಎರಡು ಹನಿ ಬಿಟ್ಟು, ಕೀಲಿಯನ್ನು ನಾಲ್ಕು ಸಲ ತಿರುಗಿಸಿ. ದಯವಿಟ್ಟು ಅಡುಗೆಮನೆಯ ಎಣ್ಣೆ ಬೇಡ. ಕೆಲಸಕ್ಕೆ ಸೇರಿದ ಹೊಸದರಲ್ಲಿ ವರ್ಕ್‌ಶಾಪಿನ ಬೀಗಕ್ಕೆ ನಾನು ಕೊಬ್ಬರಿ ಎಣ್ಣೆ ಬಿಟ್ಟಿದ್ದೆ. ಕೆಲವು ತಿಂಗಳಲ್ಲಿ ಅದು ಧೂಳಿನ ಜೊತೆ ಸೇರಿ ಹಲಸಿನ ಮೇಣದಂತಾಯಿತು. ಕೊನೆಗೆ ಹ್ಯಾಕ್‌ಸಾ ಹಿಡಿದು ಕೊಂಡಿ ಕೊಯ್ಯಬೇಕಾಯಿತು. ಸುತ್ತ ನಿಂತು ನೋಡುತ್ತಿದ್ದ ಹುಡುಗರ ಮುಖದಲ್ಲಿದ್ದ ಸಂತೋಷ ನನಗೆ ಇನ್ನೂ ಮರೆತಿಲ್ಲ.

ಇರುವೆಯ ವಿಷಯ: ಎಣ್ಣೆ ಬಿಟ್ಟ ಬೀಗದೊಳಗೆ ಇರುವೆ ಸಂಸಾರ ಹೂಡಿದ್ದನ್ನು ನಾನಂತೂ ಕಂಡಿಲ್ಲ.

ಸರ್, ಕುಕ್ಕರ್ ಮುಚ್ಚಳದ ಸೇಫ್ಟಿ ವಾಲ್ವ್ ಬಿಟ್ಟುಕೊಂಡು ಬೇಳೆಯೆಲ್ಲ ಗೋಡೆಗೆ ಹಾರಿತು. ನಮ್ಮ ಮನೆಯವರು ಆ ತೂತಿಗೆ ಒಂದು ಬೋಲ್ಟು ಬಿಗಿದು ಕೊಟ್ಟಿದ್ದಾರೆ. ಈಗ ತೊಂದರೆ ಇಲ್ಲ. ಆದರೂ ಒಂದು ಮಾತು ಕೇಳೋಣವೆನಿಸಿತು.
– ಗೃಹಿಣಿ, ದಾವಣಗೆರೆ

ಕೇಳಿದ್ದು ಒಳ್ಳೆಯದಾಯಿತು, ತಾಯಿ. ಆ ಕುಕ್ಕರನ್ನು ಇವತ್ತೇ ಒಲೆಯಿಂದ ಇಳಿಸಿ. ಹೊಸ ವಾಲ್ವ್ ಹಾಕಿಸುವ ತನಕ ಪಾತ್ರೆಯಲ್ಲೇ ಬೇಳೆ ಬೇಯಲಿ. ನಿಮ್ಮ ಯಜಮಾನರಿಗೆ ನನ್ನ ಮೇಲೆ ಸಿಟ್ಟು ಬಂದರೂ ಚಿಂತೆಯಿಲ್ಲ.

ಮುಚ್ಚಳದಲ್ಲಿ ಎರಡು ತೂತುಗಳಿವೆ. ವೇಟ್ ಕೂರುವ ಕೊಳವೆಯ ತೂತು ದಿನದ ಕೆಲಸಕ್ಕೆ. ಒಳಗಿನ ಹಬೆಯ ಒತ್ತಡ ಹೊರಗಿನ ಗಾಳಿಗಿಂತ ಸುಮಾರು ಒಂದು ಪಟ್ಟು ಹೆಚ್ಚಾದಾಗ ವೇಟ್ ಏಳುತ್ತದೆ, ಕುಕ್ಕರ್ ಕೂಗುತ್ತದೆ. ಆ ಒತ್ತಡದಲ್ಲಿ ನೀರು 100 ಡಿಗ್ರಿಗೆ ಬದಲು 120ರ ಹತ್ತಿರ ಕುದಿಯುತ್ತದೆ. ಬೇಳೆ ಬೇಗ ಬೇಯುವುದು ಅದಕ್ಕೇ. ಎರಡನೆಯ ತೂತು ಆಪತ್ತಿಗೆ. ಅದರ ನಡುವೆ ಕಡಿಮೆ ಶಾಖಕ್ಕೇ ಕರಗುವ ಮಿಶ್ರಲೋಹದ ಬೊಟ್ಟು ಇರುತ್ತದೆ. ನೀರು ಆರಿದರೆ, ಇಲ್ಲವೇ ಮೊದಲ ದಾರಿ ಕಟ್ಟಿಕೊಂಡರೆ ಅದು ಕರಗಿ ಹಬೆಗೆ ದಾರಿ ಬಿಡುತ್ತದೆ. ನಿಮ್ಮ ಬೇಳೆ ಗೋಡೆಗೆ ಹಾರಿದ್ದು ವಾಲ್ವ್ ಕೆಟ್ಟು ಅಲ್ಲ, ವಾಲ್ವ್ ತನ್ನ ಕೆಲಸ ಮಾಡಿ. ಅಲ್ಲಿ ಬೋಲ್ಟು ಬಿಗಿದರೆ ಮುಂದಿನ ಸಲ ಹಾರುವುದು ಮುಚ್ಚಳ.

ಈ ಪಾಠ 340 ವರ್ಷಕ್ಕೂ ಹಳೆಯದು. ದೆನಿ ಪಾಪ್ಯಾಂ ಎಂಬ ಫ್ರೆಂಚ್ ವಿಜ್ಞಾನಿ 1679ರಲ್ಲಿ ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಗೆ ಬಿಗಿಮುಚ್ಚಳದ ಕಬ್ಬಿಣದ ಪಾತ್ರೆಯೊಂದನ್ನು ತೋರಿಸಿದ. ಅವನ ಉದ್ದೇಶ ಅನ್ನವೂ ಅಲ್ಲ, ಬೇಳೆಯೂ ಅಲ್ಲ. ಬಿಸಾಡುವ ಮೂಳೆಯನ್ನು ಮೆತ್ತಗೆ ಮಾಡಿ ಅದರ ಸಾರ ತೆಗೆಯುವುದು! ಅಂಥ ಪಾತ್ರೆ ಸಿಡಿಯುವುದನ್ನು ತಡೆಯಲು ಅವನೇ ಸನ್ನೆಕೋಲಿಗೆ ತೂಕ ನೇತುಹಾಕಿದ ವಾಲ್ವನ್ನೂ ಮಾಡಿದ. 1682ರಲ್ಲಿ ಸೊಸೈಟಿಯ ಸದಸ್ಯರಿಗೆ ಅದರಲ್ಲೇ ಬೇಯಿಸಿ ಊಟ ಹಾಕಿದ. ದನದ ಗಟ್ಟಿ ಮೂಳೆಯೂ ಚೀಸಿನಷ್ಟು ಮೆತ್ತಗಾಗಿತ್ತೆಂದು ಆ ಊಟ ಮಾಡಿದ ಇಂಗ್ಲಿಷ್ ಲೇಖಕ ಜಾನ್ ಎವೆಲಿನ್ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಮುಂದೆ ಹಬೆಯಿಂದ ಕೊಂತ (ಪಿಸ್ಟನ್) ಏಳಿಸುವ ಯಂತ್ರದ ಕಲ್ಪನೆ ಕೊಟ್ಟವನೂ ಇವನೇ. ರೈಲಿನ ವಂಶವೃಕ್ಷದಲ್ಲಿ ನಿಮ್ಮ ಕುಕ್ಕರಿಗೂ ಒಂದು ಕೊಂಬೆ ಇದೆ.

ಮುಚ್ಚಳ ಹಾಕುವ ಮೊದಲು ವೇಟ್ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿ. ಆಚೆ ಬೆಳಕು ಕಂಡರೆ ಸರಿ. ಬೇಳೆಯ ನೊರೆ ಒಣಗಿ ಕಟ್ಟಿಕೊಳ್ಳುವುದು ಅಲ್ಲೇ.

ಬಾಲ್‌ಪೆನ್ನಿನ ಕ್ಯಾಪಿನ ತುದಿಯಲ್ಲಿ ತೂತು ಇರುವುದು ಶಾಯಿ ಒಣಗದಿರಲೆಂದು ತರಗತಿಯಲ್ಲಿ ಹೇಳಿದೆ. ಒಬ್ಬ ಹುಡುಗ ತಪ್ಪು ಎಂದ. ಯಾರು ಸರಿ?
– ಶಿಕ್ಷಕರು, ವಿಜಯಪುರ

ಹುಡುಗ ಸರಿ. ಗಾಳಿ ಆಡಿದರೆ ಶಾಯಿ ಒಣಗುವುದು ಹೆಚ್ಚುತ್ತದೆಯೇ ಹೊರತು ತಪ್ಪುವುದಿಲ್ಲ, ಗುರುಗಳೇ. ಆ ತೂತು ಪೆನ್ನಿಗಾಗಿ ಇರುವುದಲ್ಲ, ಮಗುವಿಗಾಗಿ. ಕ್ಯಾಪು ಕಚ್ಚುವ ಚಟ ನಿಮ್ಮ ತರಗತಿಯಲ್ಲೂ ಎಷ್ಟು ಮಕ್ಕಳಿಗಿದೆಯೋ ನೋಡಿ. ಅದು ಜಾರಿ ಉಸಿರಿನ ದಾರಿಯಲ್ಲಿ ಸಿಕ್ಕಿಕೊಂಡರೆ, ಆಸ್ಪತ್ರೆಗೆ ಒಯ್ಯುವವರೆಗೆ ಸ್ವಲ್ಪವಾದರೂ ಗಾಳಿ ಆಡಲಿ ಎಂದು ಆ ತೂತು. 1950ರಲ್ಲಿ ಫ್ರಾನ್ಸಿನಲ್ಲಿ ಅಗ್ಗದ ಬಾಲ್‌ಪೆನ್ನು ಮಾರಲು ಶುರುಮಾಡಿದ ಬಿಕ್ ಕಂಪನಿ ತನ್ನ ಕ್ಯಾಪುಗಳಿಗೆ ತೂತು ಮಾಡಿದ್ದು 1991ರಲ್ಲಿ. ಈಗ ಇದಕ್ಕೆ ಅಂತರರಾಷ್ಟ್ರೀಯ ಮಾನದಂಡವೂ ಇದೆ.

ಪೆನ್ನಿನ ಮೈಯ ಮಧ್ಯದಲ್ಲೂ ಕೆಲವಕ್ಕೆ ಚುಕ್ಕೆಯಂಥ ತೂತಿರುತ್ತದೆ. ಅದು ಬೇರೆ: ಒಳಗಿನ ಮತ್ತು ಹೊರಗಿನ ಗಾಳಿಯ ಒತ್ತಡ ಸಮನಾಗಿ, ಶಾಯಿ ಸರಾಗವಾಗಿ ಇಳಿಯಲೆಂದು. ನೀವು ಬಹುಶಃ ಇವೆರಡನ್ನು ಬೆರೆಸಿಕೊಂಡಿರಿ. ನಾಳೆ ತರಗತಿಯಲ್ಲಿ ಹುಡುಗನ ಹೆಸರು ಹೇಳಿ ಒಪ್ಪಿಕೊಳ್ಳಿ.

ಗ್ಯಾಸ್ ಸಿಲಿಂಡರಿನ ತಳದ ಬಳೆಯಲ್ಲಿ ತೂತುಗಳೇಕೆ? ಮೇಲೆ 'ಬಿ-27' ಎಂದು ಬರೆದದ್ದು ಏನು?
– ಹೊಸದಾಗಿ ಮನೆ ಹೂಡಿದವರು, ಬೆಂಗಳೂರು

ತೂತುಗಳಿಂದ ತಳದಲ್ಲಿ ಗಾಳಿ ಆಡುತ್ತದೆ, ನೆಲ ತೊಳೆದ ನೀರು ನಿಲ್ಲದೆ ಹರಿದುಹೋಗುತ್ತದೆ, ತಳ ಬೇಗ ತುಕ್ಕು ಹಿಡಿಯುವುದಿಲ್ಲ. 'ಬಿ-27' ಎಂದರೆ ಆ ಸಿಲಿಂಡರನ್ನು ಮತ್ತೆ ಪರೀಕ್ಷೆಗೆ ಒಡ್ಡಬೇಕಾದ ಗಡುವು. ಎ ಎಂದರೆ ಮಾರ್ಚ್‌ವರೆಗೆ, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ನಿಮ್ಮದು 2027ರ ಜೂನ್. ಗಡುವು ದಾಟಿದ್ದು ಬಂದರೆ ತಂದವರ ಕೈಯಲ್ಲೇ ವಾಪಸು ಕಳಿಸಿ.

ನೀವು ಕೇಳದಿದ್ದರೂ ಒಂದು ಮಾತು. ಗ್ಯಾಸಿನ ಆ ಕೊಳೆತ ವಾಸನೆ ಅದರದ್ದಲ್ಲ, ಸೋರಿದರೆ ಗೊತ್ತಾಗಲೆಂದು ಮರ್ಕ್ಯಾಪ್ಟಾನ್ ಎಂಬ ನಾರುವ ರಾಸಾಯನಿಕ ಬೆರೆಸಿದ್ದು. ಅಮೆರಿಕದ ಟೆಕ್ಸಾಸಿನ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ 1937ರ ಮಾರ್ಚ್ 18ರಂದು ವಾಸನೆಯಿಲ್ಲದ ನೈಸರ್ಗಿಕ ಅನಿಲ ಸೋರಿ ಸ್ಫೋಟವಾಯಿತು. ಸುಮಾರು 300 ಮಂದಿ ಸತ್ತರು, ಹೆಚ್ಚಿನವರು ಮಕ್ಕಳು. ಅದಾದ ಮೇಲೆಯೇ ಅಲ್ಲಿ ಅನಿಲಕ್ಕೆ ವಾಸನೆ ಬೆರೆಸುವುದು ಕಾನೂನಾಯಿತು. ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ, ರೆಗ್ಯುಲೇಟರ್ ಬಂದ್ ಮಾಡಿ ಬಾಗಿಲು ತೆರೆಯಿರಿ. ಅಡುಗೆ ಅನಿಲ ಗಾಳಿಗಿಂತ ಭಾರ, ನೆಲದ ಮೇಲೆ ಹರಡುತ್ತದೆ.

ಅಜ್ಜಾ, ಉದ್ದಿನ ವಡೆಗೆ ಏಕೆ ತೂತು?
– ನಾಲ್ಕನೇ ತರಗತಿ, ಮಂಡ್ಯ

ಪುಟ್ಟ, ಉದ್ದಿನ ಹಿಟ್ಟು ದಪ್ಪಗಿರುತ್ತದೆ. ತೂತಿಲ್ಲದೆ ಎಣ್ಣೆಗೆ ಬಿಟ್ಟರೆ ಹೊರಗೆ ಕೆಂಪಾಗುವಷ್ಟರಲ್ಲಿ ನಡುವೆ ಹಸಿಯೇ ಉಳಿದಿರುತ್ತದೆ. ತೂತು ಮಾಡಿದರೆ ಬಿಸಿ ಎಣ್ಣೆ ನಡುವಿನಿಂದಲೂ ಬೇಯಿಸುತ್ತದೆ. ನಂಬಿಕೆ ಬಾರದಿದ್ದರೆ ಅಮ್ಮನಿಗೆ ಹೇಳಿ ಒಂದನ್ನು ತೂತಿಲ್ಲದೆ ಮಾಡಿಸಿ, ಮುರಿದು ನೋಡು. ಇನ್ನು ನಿಮ್ಮ ಜಿಲ್ಲೆಯ ಮದ್ದೂರು ವಡೆಗೆ ತೂತು ಏಕಿಲ್ಲ ಎಂದು ನೀನು ಕೇಳಿಯೇ ಕೇಳುತ್ತೀಯ. ಅದನ್ನು ತೆಳ್ಳಗೆ ತಟ್ಟಿರುತ್ತಾರೆ, ಅದಕ್ಕೆ ಬೇಕಾಗಿಲ್ಲ. ಮದ್ದೂರಿನ ಮೇಲೆ ಹೋಗುವಾಗ ಎರಡು ಕಟ್ಟಿಸಿಕೊಳ್ಳುವುದನ್ನು ನಾನು ಮಾತ್ರ ಮರೆಯುವುದಿಲ್ಲ.